ಚೀಟಿಯೂ ಒರೆಗಲ್ಲೂ

ಕ್ರೈಸ್ತರು ‘ದೇವರ ಚಿತ್ತ’ ಎನ್ನುವಾಗ ಆ ಮಾತಿನಲ್ಲಿ ಎರಡು ಅರ್ಥಗಳು ಬೆರೆತಿರುತ್ತವೆ. ಲೋಕದ ಆಗುಹೋಗುಗಳನ್ನು ನಡೆಸುವ, ಮನುಷ್ಯನಿಗೆ ಮುಂಚಿತವಾಗಿ ಕಾಣದ ಸಂಕಲ್ಪ ಒಂದು. ಮನುಷ್ಯ ಹೇಗೆ ಬಾಳಬೇಕೆಂದು ಆಜ್ಞೆಗಳಲ್ಲಿಯೂ ಕ್ರಿಸ್ತನ ಬದುಕಿನಲ್ಲಿಯೂ ದೇವರು ತೆರೆದು ತೋರಿಸಿದ ಇಷ್ಟ ಇನ್ನೊಂದು. ಉದ್ಯೋಗ, ಮದುವೆ, ವಲಸೆಗಳ ಮುಂದೆ ನಿಂತ ವಿಶ್ವಾಸಿ ಬಹುಮಟ್ಟಿಗೆ ತಿಳಿಯಬಯಸುವುದು ಮೊದಲನೆಯದನ್ನು. ಸತ್ಯವೇದವು ಅರಸಲು ಹೇಳುವುದು ಎರಡನೆಯದನ್ನು. ಈ ಭೇದ ಮಸುಕಾದಲ್ಲೆಲ್ಲ ಪ್ರಾರ್ಥನೆಯು ಶಕುನ ಕೇಳುವ ಕಡೆಗೆ ಜಾರುತ್ತದೆ.

ಇದಕ್ಕೆ ಗಂಭೀರವಾದ ನಿದರ್ಶನ 18ನೆಯ ಶತಮಾನದ ಮೊರೇವಿಯನ್ ಸಭೆಯದು. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ನೆಲೆಸಿದ ಈ ಜನರು ಸೇವೆಗೆ ಯಾರನ್ನು ಕಳುಹಿಸಬೇಕು, ಯಾರಿಗೆ ಯಾರೊಡನೆ ಮದುವೆಯಾಗಬೇಕು ಎಂಬುದನ್ನೂ ಪ್ರಾರ್ಥಿಸಿ, ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಒಂದು ಚೀಟಿಯಲ್ಲಿ ‘ಹೌದು’, ಇನ್ನೊಂದರಲ್ಲಿ ‘ಬೇಡ’. ಮೂರನೆಯದು ಖಾಲಿ, ಅಂದರೆ ಇನ್ನೂ ಕಾಯಿರಿ ಎಂದು. ಅವರ ಭಕ್ತಿ ಶಂಕಾತೀತವಾದುದು. 1732ರಲ್ಲಿ ಸೇಂಟ್ ಥಾಮಸ್ ದ್ವೀಪದ ಗುಲಾಮರ ಬಳಿಗೆ ಹೊರಟ ಲಿಯೊನಾರ್ಡ್ ಡೋಬರ್‌ಗೆ ಅಪ್ಪಣೆ ದೊರೆತದ್ದೂ ಚೀಟಿಯಿಂದಲೇ. ತಮ್ಮ ಸ್ವಾರ್ಥ ನಡುವೆ ಸುಳಿಯಬಾರದೆಂಬ ಅವರ ಕಳಕಳಿ ಗೌರವಕ್ಕೆ ಅರ್ಹವಾದುದೇ. ಆದರೆ ಚೀಟಿಯ ಮುಂದೆ ಯಾವ ಪ್ರಶ್ನೆಯನ್ನಿಡಬೇಕು, ಯಾರ ಹೆಸರನ್ನು ಸೂಚಿಸಬೇಕು ಎಂಬುದನ್ನು ಮನುಷ್ಯರೇ ಮೊದಲು ನಿಶ್ಚಯಿಸಬೇಕಾಗಿತ್ತು. ಹೀಗೆ ಬಾಗಿಲಲ್ಲಿ ತಡೆದ ಸ್ವಂತ ಬುದ್ಧಿಯೇ ಹಿತ್ತಿಲಿನಿಂದ ಒಳಗೆ ಬರುತ್ತಿತ್ತು. ಕ್ರಮೇಣ ಸಡಿಲಗೊಂಡ ಈ ಪದ್ಧತಿಯನ್ನು ಸಭೆಯೇ 1889ರಲ್ಲಿ ಕೈಬಿಟ್ಟಿತು.

ಇಸ್ಕರಿಯೋತ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟು ಹಾಕಿಯೇ ಅಲ್ಲವೇ ಎಂಬ ಆಕ್ಷೇಪಕ್ಕೆ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿಯೇ ಉತ್ತರವಿದೆ. ಆ ಘಟನೆ ನಡೆದದ್ದು ಪವಿತ್ರಾತ್ಮನ ಇಳಿದುಬರುವಿಕೆಗೆ ಮೊದಲು; ಆಮೇಲೆ ಶಿಷ್ಯರು ಚೀಟು ಹಾಕಿದ ಪ್ರಸಂಗ ಹೊಸ ಒಡಂಬಡಿಕೆಯಲ್ಲಿ ಇನ್ನೊಮ್ಮೆ ಬರುವುದಿಲ್ಲ. ಅನ್ಯಜನರಿಗೆ ಸುನ್ನತಿ ಬೇಕೇ ಎಂಬ, ಸಭೆಯನ್ನೇ ಒಡೆಯಬಹುದಾಗಿದ್ದ ಪ್ರಶ್ನೆ ಎದ್ದಾಗ ಅವರು ಜೆರೂಸಲೇಮಿನಲ್ಲಿ ಕೂಡಿ, ವಾದಿಸಿ, ಅನುಭವಗಳನ್ನು ಆಲಿಸಿ, ಪ್ರವಾದಿಗಳ ಮಾತಿನೊಡನೆ ಹೋಲಿಸಿ ನಿರ್ಣಯಕ್ಕೆ ಬಂದರು. ಆ ನಿರ್ಣಯವನ್ನು ಪವಿತ್ರಾತ್ಮನದೆಂದೂ ತಮ್ಮದೆಂದೂ ಒಂದೇ ಉಸಿರಿನಲ್ಲಿ ಕರೆದರು. ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ದೇವರ ಚಿತ್ತವನ್ನು ವಿವೇಚಿಸಿ ತಿಳಿಯುವುದಕ್ಕೆ ಪೌಲನು ಬಳಸಿದ ಗ್ರೀಕ್ ಕ್ರಿಯಾಪದ, ಲೋಹವನ್ನು ಪರೀಕ್ಷಿಸುವುದಕ್ಕೂ ಸಲ್ಲುತ್ತಿದ್ದ ಪದ. ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಬಿದ್ದ ಗೆರೆಯನ್ನು ನೋಡಿ ಚಿನ್ನದ ಬಣ್ಣವನ್ನು ಹೇಳಬಲ್ಲನಾದರೆ, ಅದಕ್ಕೆ ಕಲ್ಲಿನಷ್ಟೇ ಅವನ ಪಳಗಿದ ಕಣ್ಣೂ ಕಾರಣ. ಪೌಲನು ಮನಸ್ಸು ನೂತನವಾಗಬೇಕೆಂದು ಮೊದಲು ಹೇಳಿ, ವಿವೇಚನೆಯನ್ನು ಅದರ ಫಲವಾಗಿ ಇಟ್ಟಿರುವುದು ಈ ಕಾರಣಕ್ಕೇ ಇರಬೇಕು.

ಆ ಕಣ್ಣನ್ನು ಪಳಗಿಸುವ ಬಗೆಯನ್ನು ಇಗ್ನೇಷಿಯಸ್ ಲೊಯೋಲಾ 1548ರಲ್ಲಿ ಅಚ್ಚಾದ ತನ್ನ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ವಿವರಿಸಿದ್ದಾನೆ. ಭಕ್ತಿಯೂ ಪ್ರೀತಿಯೂ ಉಕ್ಕುವ ಸ್ಥಿತಿಯನ್ನು ಸಾಂತ್ವನವೆಂದೂ, ಮನಸ್ಸು ಕತ್ತಲೆಗೂ ಬೇಸರಕ್ಕೂ ಒಳಗಾಗುವುದನ್ನು ಶುಷ್ಕತೆಯೆಂದೂ ಹೆಸರಿಸಿ, ಶುಷ್ಕತೆಯಲ್ಲಿರುವಾಗ ಹಿಂದೆ ಕೈಗೊಂಡ ನಿಶ್ಚಯವನ್ನು ಬದಲಿಸಬಾರದೆಂದು ಅವನು ವಿಧಿಸುತ್ತಾನೆ. ಎಂದೂ ಕಾಣದ ವ್ಯಕ್ತಿಯೊಬ್ಬನಿಗೆ ಇದೇ ಸಂದರ್ಭದಲ್ಲಿ ಏನು ಸಲಹೆ ಕೊಡಬಹುದೆಂದು, ಮರಣದ ಹಾಸಿಗೆಯಲ್ಲಿ ಯಾವ ಆಯ್ಕೆಯನ್ನು ಮಾಡಿರಬೇಕಿತ್ತೆನಿಸೀತೆಂದು ಯೋಚಿಸಲು ಹೇಳುತ್ತಾನೆ. ಇಲ್ಲಿ ಬುದ್ಧಿಯನ್ನು ಬದಿಗಿಡುವ ಪ್ರಶ್ನೆಯೇ ಇಲ್ಲ. ಅದನ್ನು ಭಯದಿಂದಲೂ ಆಸೆಯಿಂದಲೂ ಬಿಡಿಸುವ ಶ್ರಮವಿದೆ.

ಕನ್ನಡ ಸಭೆಗಳಲ್ಲಿ ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ವಚನವಿರುವ ಕಾರ್ಡು ಎತ್ತಿಕೊಳ್ಳುವ ರೂಢಿಯುಂಟು. ವರ್ಷವಿಡೀ ಧ್ಯಾನಿಸಲು ಅದು ಒಳ್ಳೆಯ ಆಸರೆ. ಮಗಳ ಸಂಬಂಧವನ್ನು ಒಪ್ಪಬೇಕೋ ಬಿಡಬೇಕೋ ಎಂಬುದಕ್ಕೆ ಅದರಲ್ಲಿ ತೀರ್ಪು ಹುಡುಕಿದರೆ, ಆ ವಚನವನ್ನು ಬರೆದ ಪ್ರವಾದಿಗೂ ಮಗಳಿಗೂ ಅನ್ಯಾಯ ಮಾಡಿದಂತೆ.

ಗೆತ್ಸೆಮನೆಯ ತೋಟದಲ್ಲಿ ಯೇಸು ತನ್ನ ಚಿತ್ತವನ್ನು ಮರೆಮಾಡದೆ, ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿದನು. ಮಾರ್ಕನ ಸುವಾರ್ತೆಯ ಪ್ರಕಾರ ಮೂರು ಸಲ ಹೋಗಿ ಬಂದನು, ಮೂರು ಸಲವೂ ಶಿಷ್ಯರು ನಿದ್ರೆಯಲ್ಲಿದ್ದರು. ದೀಕ್ಷಾಸ್ನಾನದ ದಿನ ಆಕಾಶದಿಂದ ಕೇಳಿಸಿದ ವಾಣಿ ಅಂದು ಕೇಳಿಸಲಿಲ್ಲ. ಅವನು ಅವರನ್ನು ಎಬ್ಬಿಸಿ, ಹಿಡಿಯಲು ಬರುತ್ತಿದ್ದವರ ಎದುರಿಗೆ ನಡೆದನು.