ಸತ್ತ ಮುಳ್ಳುಗಳೂ, "ನಡೆಯತ್ತೆ ಬಿಡಿ ಸಾರ್" ಅನ್ನೋ ರೋಗವೂ

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಸಿಟ್ಟಿನ ಬರಹ.

ಸೆಕೆಂಡ್ ಹ್ಯಾಂಡ್ ಓಮ್ನಿ ನೋಡೋಕೆ ಹೋದವರಿಗೆಲ್ಲ ಈ ದೃಶ್ಯ ಗೊತ್ತಿರುತ್ತೆ. ಕೀ ತಿರುಗಿಸ್ತೀರಿ. ಪೆಟ್ರೋಲ್ ಮುಳ್ಳು ಏಳಲ್ಲ, ಟೆಂಪರೇಚರ್ ಮುಳ್ಳೂ ಏಳಲ್ಲ. ಕೇಳಿದ್ರೆ ಬ್ರೋಕರ್ ಮಹಾಶಯ ನಗ್ತಾನೆ: "ಮೀಟರ್ ನೋಡ್ಕೊಂಡು ಯಾರ್ ಸಾರ್ ಗಾಡಿ ಓಡಿಸ್ತಾರೆ? ಇಂಜಿನ್ ಸೌಂಡ್ ಕೇಳಿ!" ನಾವೂ ತಲೆ ಅಲ್ಲಾಡಿಸ್ತೀವಿ. ಟೈರು, ಪೇಂಟು, ಸೀಟ್ ಕವರ್ ಬಗ್ಗೆ ಅರ್ಧ ಗಂಟೆ ಚೌಕಾಸಿ ಮಾಡೋ ನಾವು, ಸತ್ತ ಮುಳ್ಳಿನ ಬಗ್ಗೆ ಎರಡನೇ ಮಾತೇ ಆಡಲ್ಲ.

1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, ಆಮೇಲೆ ಓಮ್ನಿ ಆಗಿ, 2019ರಲ್ಲಿ ತಯಾರಿಕೆ ನಿಂತ ಗಾಡಿ ಇದು. ಸಿನಿಮಾದಲ್ಲಿ ಕಿಡ್ನಾಪ್‌ಗೆ, ಊರಲ್ಲಿ ತರಕಾರಿಗೆ, ಸ್ಕೂಲ್ ಮಕ್ಕಳಿಗೆ, ರಾತ್ರಿ ಹೊತ್ತು ಆಸ್ಪತ್ರೆಗೆ, ಎಲ್ಲದಕ್ಕೂ ಇದೇ. ಹೊಸದು ಸಿಗಲ್ಲ, ಹಾಗಾಗಿ ರಸ್ತೆಯಲ್ಲಿರೋದೆಲ್ಲ ಈಗ ಹಳೇದೇ. ಅದಕ್ಕೇ ಈ ಮಾತು ಈಗ ಹೇಳಬೇಕಾಗಿದೆ.

ಓಮ್ನಿಯ 796 ಸಿಸಿ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ, ಅದರ ಹೆಡ್ ಅಲ್ಯುಮಿನಿಯಂದು. ಜನ, ಸಾಮಾನು ತುಂಬಿಕೊಂಡು ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ರೇಡಿಯೇಟರ್ ಹೋಸ್ ಒಂದು ಸೀಳಿದ್ರೆ ಅಥವಾ ಫ್ಯಾನ್ ತಿರುಗದೇ ಇದ್ರೆ, ಅದನ್ನ ಡ್ರೈವರ್‌ಗೆ ಮೊದಲು ಹೇಳೋದೇ ಆ ಮುಳ್ಳು. ಅದು ಸತ್ತಿದ್ರೆ ನಿಮಗೆ ಸುದ್ದಿ ಗೊತ್ತಾಗೋದು ಸೀಟಿನ ಕೆಳಗಿಂದ ಹಬೆ ಬಂದಾಗ. ಅಷ್ಟೊತ್ತಿಗೆ ಹೆಡ್ ಬಾಗಿ, ಗ್ಯಾಸ್ಕೆಟ್ ಹೋಗಿರುತ್ತೆ. ಸಣ್ಣ ರಿಪೇರಿಯಲ್ಲಿ ಮುಗೀಬೇಕಿದ್ದದ್ದು ಇಂಜಿನ್ ಬಿಚ್ಚೋ ಕೆಲಸ ಆಯ್ತು. ಅದೂ ಘಾಟಿಯ ತಿರುವಿನಲ್ಲಿ, ಹಿಂದಿನ ಸೀಟಲ್ಲಿ ಮಕ್ಕಳನ್ನ ಕೂರಿಸಿಕೊಂಡು.

"ಪೆಟ್ರೋಲ್ ಎಷ್ಟಿದೆ ಅಂತ ಕಿಲೋಮೀಟರ್ ಲೆಕ್ಕದಲ್ಲಿ ಗೊತ್ತಾಗತ್ತೆ" ಅಂತಾರೆ ಕೆಲವರು. ಸರಿ ಸ್ವಾಮಿ, ಸ್ಪೀಡೋಮೀಟರ್ ಕೇಬಲ್ಲೂ ತುಂಡಾಗಿದ್ರೆ ಕಿಲೋಮೀಟರ್ ಎಲ್ಲಿಂದ ಬರುತ್ತೆ? ಅಂಥ ಗಾಡಿಯ ಓಡೋಮೀಟರ್ ಅಂಕಿ ತೋರಿಸಿ "ಕಮ್ಮಿ ಓಡಿದೆ ಸಾರ್" ಅಂತ ಮಾರೋದು ವ್ಯಾಪಾರ ಅಲ್ಲ, ಮೋಸ. ಇನ್ನು ಗ್ಯಾಸ್‌ನಲ್ಲಿ ಓಡೋ ಗಾಡಿಗೆ ಪೆಟ್ರೋಲ್ ಮುಳ್ಳು ಯಾಕೆ ಅನ್ನೋರಿಗೆ: ಇಂಜೆಕ್ಷನ್ ಮಾಡೆಲ್ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಪಂಪನ್ನ ತಂಪಾಗಿಡೋದು ಅದೇ ಪೆಟ್ರೋಲ್. ಟ್ಯಾಂಕ್ ಒಣಗಿಸಿದ್ರೆ ಪಂಪ್ ಹೋಗುತ್ತೆ.

ಇನ್ನೊಂದು ರೋಗ ಗ್ಯಾರೇಜಿನದ್ದು. ಮುಳ್ಳು ಏಳ್ತಿಲ್ಲ ಅಂದ ತಕ್ಷಣ "ಪೂರ್ತಿ ಮೀಟರ್ ಬೋರ್ಡೇ ಚೇಂಜ್ ಮಾಡ್ಬೇಕು." ಟೆಸ್ಟ್ ಲ್ಯಾಂಪ್ ಮುಟ್ಟಲ್ಲ, ಒಂದು ವೈರ್ ಎಳೆದು ನೋಡಲ್ಲ. ಗುಜರಿಯಿಂದ ಇನ್ಯಾವುದೋ ಗಾಡಿಯ ಬೋರ್ಡ್ ತಂದು ಕೂರಿಸ್ತಾರೆ, ಆಮೇಲೆ ಅದೂ ಏಳಲ್ಲ! ಯಾಕಂದ್ರೆ ಕಾಯಿಲೆ ಬೋರ್ಡಿನಲ್ಲಿ ಇರಲೇ ಇಲ್ಲ.

ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಸತ್ತಿರೋದು ಒಂದು ಮುಳ್ಳೋ, ಎಲ್ಲವೋ?

ಪೆಟ್ರೋಲ್, ಟೆಂಪರೇಚರ್ ಎರಡೂ ಒಟ್ಟಿಗೆ ಸತ್ತಿದ್ರೆ, ಎರಡು ಮೀಟರ್‌ಗಳು ಮಾತಾಡಿಕೊಂಡು ಒಂದೇ ದಿನ ಪ್ರಾಣ ಬಿಟ್ಟಿರಲ್ಲ. ಎರಡಕ್ಕೂ ಸೇರಿದ್ದೇನೋ ಕೆಟ್ಟಿದೆ. ಫ್ಯೂಸ್ ನೋಡಿ. ಬರೀ ಕಣ್ಣಲ್ಲಿ ಅಲ್ಲ, ಕೀ ಆನ್ ಮಾಡಿ ಫ್ಯೂಸಿನ ಎರಡೂ ಕಡೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ. ಆಮೇಲೆ ಬೋರ್ಡಿನ ಹಿಂದಿನ ಕಪ್ಲರ್‌ಗೆ ಕರೆಂಟ್ ಬರ್ತಿದೆಯಾ, ಅರ್ತಿಂಗ್ ಸರಿಯಾಗಿದೆಯಾ ನೋಡಿ. ನಮ್ಮ ಕರಾವಳಿ, ಮಲೆನಾಡಿನ ಮಳೆಗೆ ತುಕ್ಕು ಹಿಡಿದ ಒಂದು ಸ್ಕ್ರೂ ಸಾಕು, ಎಲ್ಲ ಮುಳ್ಳೂ ಮಲಗೋಕೆ. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ್ರೆ ಕೆಲಸ ಮುಗೀತು.

ಒಂದೇ ಮುಳ್ಳು ಸತ್ತಿದ್ರೆ, ಅದರ ಸೆನ್ಸರ್ ಕಡೆ ಹೋಗಿ. ಟೆಂಪರೇಚರ್ ಸೆನ್ಸರಿನ ವೈರ್ ಕಿತ್ತು, ಕೀ ಆನ್ ಇಟ್ಟು, ಒಂದು ಚಿಕ್ಕ ಮೀಟರ್ ಬಲ್ಬಿನ ಮೂಲಕ ಇಂಜಿನ್ ಬಾಡಿಗೆ ತಾಗಿಸಿ. ಮುಳ್ಳು ಬಿಸಿ ಕಡೆ ಎದ್ದರೆ ಮೀಟರೂ ವೈರೂ ಚೆನ್ನಾಗಿವೆ, ಕೆಟ್ಟಿರೋದು ಸೆನ್ಸರ್. ಏಳದಿದ್ರೆ ಆಗ ವೈರನ್ನೋ ಮೀಟರನ್ನೋ ಅನುಮಾನಿಸಿ. ಪೆಟ್ರೋಲ್ ಮುಳ್ಳಿಗೂ ಇದೇ ತರ್ಕ. ಆದ್ರೆ ಟ್ಯಾಂಕಿನ ಹತ್ತಿರ ಕಿಡಿ ಹಾರಿಸೋ ಸಾಹಸ ಬೇಡ, ಅದನ್ನ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಸಾಮಾನ್ಯವಾಗಿ ಅಲ್ಲಿ ಫ್ಲೋಟ್ ಸಿಕ್ಕಿಕೊಂಡಿರುತ್ತೆ ಅಥವಾ ಅದರ ತೋಳು ಉಜ್ಜಿ ಉಜ್ಜಿ ಸವೆದಿರುತ್ತೆ. ಸ್ಪೀಡೋಮೀಟರ್ ಕಥೆ ಬೇರೆ. ಹಳೇ ಓಮ್ನಿಯಲ್ಲಿ ಅದು ಕೇಬಲ್ಲಿನಿಂದ ಓಡೋದು, ಫ್ಯೂಸಿಗೂ ಅದಕ್ಕೂ ಸಂಬಂಧ ಇಲ್ಲ. ಕೇಬಲ್ ಬಿಚ್ಚಿ, ಒಳಗಿನ ತಂತಿ ತುಂಡಾಗಿದೆಯಾ ನೋಡಿದ್ರೆ ಅರ್ಧ ಉತ್ತರ ಸಿಕ್ಕಿತು.

ಇಷ್ಟಕ್ಕೆ ಬೇಕಾಗೋದು ಒಂದು ಟೆಸ್ಟ್ ಲ್ಯಾಂಪ್, ಒಂದು ಸ್ಕ್ರೂ ಡ್ರೈವರ್, ಸ್ವಲ್ಪ ತಾಳ್ಮೆ. ಮೊದಲೆರಡು ಎಲ್ಲ ಗ್ಯಾರೇಜಲ್ಲೂ ಇವೆ.

ಕಾನೂನು ಬೇಕು ಅನ್ನೋರಿಗೆ ಅದೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೇ ನಿಯಮವೇ ಸ್ಪೀಡೋಮೀಟರ್ ಇರಬೇಕು ಅನ್ನುತ್ತೆ. ಹಳದಿ ಬೋರ್ಡ್ ಗಾಡಿಗಳ ಎಫ್‌ಸಿ ಪರೀಕ್ಷೆಯ ಪಟ್ಟಿಯಲ್ಲೂ ಅದರ ಹೆಸರಿದೆ. ಆದ್ರೂ ಸತ್ತ ಮುಳ್ಳಿನ ಸ್ಕೂಲ್ ವ್ಯಾನುಗಳು ದಿನಾ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೇ ಬಂದು ಹಾರ್ನ್ ಹೊಡೀತವೆ. ನಾವೂ ಟಾಟಾ ಮಾಡಿ ಒಳಗೆ ಹೋಗ್ತೀವಿ.

ಬಡ ಡ್ರೈವರ್ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಿ ಅಂತ ಬೈಯೋರು ಇದ್ದೇ ಇರ್ತೀರಿ. ಒಪ್ಪಲ್ಲ. ನಡುರಸ್ತೆಯಲ್ಲಿ ಇಂಜಿನ್ ಸುಟ್ಟುಕೊಂಡು ಒಂದು ತಿಂಗಳ ದುಡಿಮೆ ಕಳೆದುಕೊಳ್ಳೋನೂ ಅದೇ ಬಡ ಡ್ರೈವರ್. ಬೇಡದ ಮೀಟರ್ ಬೋರ್ಡಿಗೆ ದುಡ್ಡು ಸುರಿಯೋನೂ ಅವನೇ. "ನಡೆಯತ್ತೆ ಬಿಡಿ" ಅನ್ನೋನು ಮಾರಿ ಮನೆಗೆ ಹೋಗ್ತಾನೆ, ನಡೆಸಬೇಕಾದವನು ಇವನು.

ಮುಂದಿನ ಸಲ ಹಳೇ ಗಾಡಿ ನೋಡೋಕೆ ಹೋದಾಗ ಬಾನೆಟ್, ಟೈರು ಆಮೇಲೆ. ಮೊದಲು ಕೀ ತಿರುಗಿಸಿ, ಮುಳ್ಳು ನೋಡಿ. ಸ್ಕೂಲ್ ವ್ಯಾನ್ ಬಂದಾಗ ಕಿಟಕಿಯಿಂದ ಒಮ್ಮೆ ಬಗ್ಗಿ ನೋಡಿ. ಡ್ರೈವರಣ್ಣ ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ನೀವೇನಂತೀರಿ?