ಶಿಟಾಕೆಗೆ ಒಂದು ಸೆಮಿಸ್ಟರ್ ಸಾಲದು

ಕಳೆದ ಸೆಮಿಸ್ಟರ್‌ನಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ದುಡ್ಡು ಹಾಕಿ ಒಂದು ಶಿಟಾಕೆ ಅಣಬೆಯ ಬ್ಲಾಕ್ ತರಿಸಿದ್ವಿ. ವಿಡಿಯೋದಲ್ಲಿ ಎಲ್ಲಾ ಸುಲಭ! ಮರದ ಪುಡಿಯ ಆ ಮುದ್ದೆ ಮೊದಲು ಬೆಳ್ಳಗಾಗಿ, ಆಮೇಲೆ ಕಂದು ತೊಗಟೆ ಕಟ್ಟಬೇಕು. ಅಷ್ಟಕ್ಕೇ ಎರಡು ಮೂರು ತಿಂಗಳು. ನಮಗೆ ತಡೆಯೋಕಾಗ್ಲಿಲ್ಲ. ಬೆಳ್ಳಗಿದ್ದಾಗಲೇ ಚೀಲ ಬಿಚ್ಚಿದ್ವಿ, ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡಿದ್ವಿ. ಇಂಟರ್ನಲ್ಸ್ ಮುಗಿಯೋ ಹೊತ್ತಿಗೆ ಮೈತುಂಬಾ ಹಸಿರು ಬೂಷ್ಟು. ಎಸೆದ್ವಿ.

ತಪ್ಪು ನಮ್ಮದೇ. ಜಪಾನಿನಲ್ಲಿ ಓಕ್ ದಿಮ್ಮಿಗೆ ತೂತು ಕೊರೆದು ಅಣಬೆ ಬೀಜ ತುಂಬುವವರು ಮೊದಲ ಫಸಲಿಗೆ ಒಂದೆರಡು ವರ್ಷ ಕಾಯ್ತಾರೆ. ನಾವು ಅಸೈನ್‌ಮೆಂಟನ್ನೇ ಕೊನೇ ರಾತ್ರಿ ಬರೆಯೋರು.

ಅದಕ್ಕೇ ಹೇಳ್ತೀವಿ, ಹಾಸ್ಟೆಲ್‌ನಲ್ಲಿ ಮೊದಲು ಚಿಪ್ಪು ಅಣಬೆ ಬೆಳೀರಿ. ನೆನೆಸಿ, ಬಿಸಿನೀರಲ್ಲಿ ಹದ ಮಾಡಿ, ಚೆನ್ನಾಗಿ ನೀರು ಬಸಿದ ಭತ್ತದ ಹುಲ್ಲು; ಬೆಂಗಳೂರಿನ ಹೆಸರಘಟ್ಟದ ಐಐಎಚ್‌ಆರ್‌ನವರು ಮಾರುವ ಬೀಜ; ಒಂದು ಪ್ಲಾಸ್ಟಿಕ್ ಚೀಲ. ತಿಂಗಳ ಆಸುಪಾಸಿನಲ್ಲಿ ಕೊಯ್ಲು. ಕೆಟ್ಟರೂ ಕಳ್ಕೊಳ್ಳೋದು ಕಡಿಮೆ, ಕಲಿಯೋದು ಅಷ್ಟೇ: ಕೈ ತೊಳೀರಿ, ಸುಮ್ಮಸುಮ್ಮನೆ ಮುಟ್ಟಬೇಡಿ.

ಶಿಟಾಕೆ ತಿನ್ನಲೇಬೇಕಾ? ಒಣಗಿದ್ದನ್ನು ತನ್ನಿ, ಒಣಗಿದಾಗಲೇ ಅದಕ್ಕೆ ರುಚಿ ಜಾಸ್ತಿ. ತಣ್ಣೀರಲ್ಲಿ ಕೆಲವು ಗಂಟೆ ನೆನೆಸಿ. ಆ ಕಂದು ನೀರು ಚೆಲ್ಲಿದ್ರೋ, ಅರ್ಧ ರುಚಿ ಸಿಂಕ್ ಪಾಲು. ಮ್ಯಾಗಿ ಬೇಯಿಸೋಕೆ ಅದನ್ನೇ ಹಾಕಿ, ಮಸಾಲೆ ಅರ್ಧ ಪ್ಯಾಕೆಟ್ ಸಾಕು. ಅಣಬೆಯನ್ನ ಮಾತ್ರ ಪೂರ್ತಿ ಬೇಯಿಸಿ. ಅರೆಬೆಂದ ಶಿಟಾಕೆ ಕೆಲವರ ಮೈಮೇಲೆ ಚಾಟಿಯಲ್ಲಿ ಹೊಡೆದಂಥ ಕೆಂಪು ಗೆರೆ ಎಬ್ಬಿಸುತ್ತೆ.

ನಮ್ಮ ರೂಮಿನ ಮೂಲೇಲಿ ಈಗ ಎರಡು ಚಿಪ್ಪು ಅಣಬೆ ಚೀಲ ತೂಗ್ತಿವೆ. ವಾರ್ಡನ್ ಸರ್ ಇನ್ನೂ ನೋಡಿಲ್ಲ.