‘ಏನಿಲ್ಲ ಕಣಮ್ಮ’

ನಾವು ನಂಜನಗೂಡು, ಟಿ. ನರಸೀಪುರ ಕಡೆಯಿಂದ ದಿನಾ ಬಸ್ಸಲ್ಲಿ ಓಡಾಡೋರು. ರಿಸಲ್ಟ್ ಬಂದ ದಿನ ಬಸ್ಸಲ್ಲಿ ಎಲ್ಲರ ಬಾಯಲ್ಲೂ ‘ಸ್ಟ್ರೆಸ್’, ‘ಡಿಪ್ರೆಷನ್’. ಮನೇಲಿ ಅಮ್ಮ ‘ಯಾಕ್ ಮಗ, ಸಪ್ಪಗಿದ್ದೀಯ?’ ಅಂದ್ರೆ ಉತ್ತರ ಒಂದೇ: ‘ಏನಿಲ್ಲ ಕಣಮ್ಮ.’ ಹೋದ ಸೆಮಿಸ್ಟರ್ ನಮ್ಮ ಗೆಳೆಯನೊಬ್ಬ ಹೀಗೇ ‘ಏನಿಲ್ಲ’ ಅಂತ ಅಂದೂ ಅಂದೂ, ಒಂದು ದಿನ ಬಸ್ ಹತ್ತೋದನ್ನೇ ಬಿಟ್ಟ. ಮೂರು ಸಬ್ಜೆಕ್ಟ್ ಬ್ಯಾಕ್ ಇದ್ದದ್ದು ಪಕ್ಕದ ಸೀಟಿನ ನಮಗೂ ಗೊತ್ತಿರಲಿಲ್ಲ.

ಒಳಗೇ ಅದುಮಿಟ್ಟರೆ ಸರಿಹೋಗುತ್ತೆ ಅಂತ ನಾವೆಲ್ಲ ನಂಬಿದ್ದೇವೆ. ಸ್ಟ್ಯಾನ್‌ಫೋರ್ಡ್‌ನ ಮನಶ್ಶಾಸ್ತ್ರ ಪ್ರೊಫೆಸರ್ ಜೇಮ್ಸ್ ಗ್ರಾಸ್ 1998ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತೆ. ಅಸಹ್ಯ ಹುಟ್ಟಿಸುವ ಫಿಲ್ಮ್ ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಿಸಬೇಡಿ ಅಂದರು. ಇನ್ನು ಕೆಲವರಿಗೆ ಭಾವನೆ ಬೆರೆಸದೆ, ಬೇರೆ ದೃಷ್ಟಿಯಿಂದ ನೋಡಿ ಅಂದರು. ಅದುಮಿಟ್ಟವರಿಗೆ ಅಸಹ್ಯ ಕಡಿಮೆಯಾಗಲಿಲ್ಲ, ಮೈಯೊಳಗಿನ ಒತ್ತಡ ಮಾತ್ರ ಏರಿತು. ದೃಷ್ಟಿ ಬದಲಿಸಿದವರಿಗೆ ಅಸಹ್ಯವೇ ಇಳಿಯಿತು.

ಆದರೆ ದೃಷ್ಟಿ ಬದಲಿಸೋಕೆ ಮೊದಲು ಒಳಗಿರೋದು ಏನು ಅಂತ ಗೊತ್ತಾಗಬೇಕಲ್ಲ? ಇಂಗ್ಲಿಷ್ ಮೀಡಿಯಂನ ನಮಗೆ ಎಲ್ಲದಕ್ಕೂ ‘ಸ್ಟ್ರೆಸ್’ ಒಂದೇ ಪದ. ಅಜ್ಜಿ ಹತ್ರ ದಿಗಿಲು, ತಳಮಳ, ಕಸಿವಿಸಿ, ಮುಜುಗರ, ಸಂಕಟ ಎಲ್ಲಾ ಇವೆ. ಎಕ್ಸಾಮ್ ಹಿಂದಿನ ರಾತ್ರಿ ಆಗೋದು ದಿಗಿಲು. ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದಾಗ ಆಗೋದು ಸಂಕಟ. ಮೊದಲನೆಯದಕ್ಕೆ ಓದು ಸಾಕು. ಎರಡನೆಯದಕ್ಕೆ ಅಪ್ಪನ ಹತ್ರ ಕೂತು ಮಾತಾಡಬೇಕು.

ನಮ್ಮ ಮೈಸೂರಲ್ಲೇ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುಮಾಡಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಅಂತ ರೇಡಿಯೊ ಕೇಂದ್ರ ನಡೆಸಿದರು. ಮನಸ್ಸಿನ ಮೇಷ್ಟ್ರು ಜನರ ಮನೆಯೊಳಗೆ ಮಾತು ತಲುಪಿಸಿದರು. ಟ್ರಾನ್ಸ್‌ಮಿಟರ್ ಬಗ್ಗೆ ಓದೋ ನಾವು ಸ್ವಂತ ಮನೆಗೆ ಒಂದು ವಾಕ್ಯ ತಲುಪಿಸೋಕೆ ಒದ್ದಾಡ್ತಿದ್ದೇವೆ.

ಹಾಗಾಗಿ ನಾವು ಕೇಳೋದು ಇಷ್ಟೇ. ಕಾಲೇಜುಗಳಲ್ಲಿ ಕೌನ್ಸೆಲಿಂಗ್ ಕನ್ನಡದಲ್ಲೂ ಸಿಗಲಿ, ಕೊನೇ ಬಸ್ ತಪ್ಪದ ಹೊತ್ತಲ್ಲಿ ಸಿಗಲಿ. ಫಸ್ಟ್ ಇಯರ್‌ನಲ್ಲೇ ಭಾವನೆಗಳನ್ನು ನಿಭಾಯಿಸೋದರ ಬಗ್ಗೆ ಒಂದೆರಡು ಕ್ಲಾಸ್ ಇರಲಿ. ಅಲ್ಲಿವರೆಗೆ ಕಾಯಬೇಕಿಲ್ಲ: ಸರ್ಕಾರದ ಟೆಲಿ ಮಾನಸ್, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗೆಳೆಯ ಈ ಸೆಮಿಸ್ಟರ್ ವಾಪಸ್ ಬಂದಿದ್ದಾನೆ. ಮೊನ್ನೆ ‘ಹೆಂಗಿದ್ದೀಯೋ?’ ಅಂದ್ವಿ. ‘ದಿಗಿಲಾಗ್ತದೆ ಕಣ್ರೋ’ ಅಂದ. ‘ಏನಿಲ್ಲ’ ಅನ್ನಲಿಲ್ಲ. ನಮಗೆ ಅಷ್ಟು ಸಾಕಾಯ್ತು.